ಹಿಂದಿನ ಕೋಣೆಯ ವಿಚಾರಣೆ

ಆ ಮನೆಯಲ್ಲಿ ಯಾರಿಗಾದರೂ ದೆವ್ವ ಕಾಣಿಸುವುದಿದ್ದರೆ ಅದು ಸೊಸೆಗೇ ಎಂದು ಉಳಿದವರೆಲ್ಲ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದರು.

ಅವಳು ಶಿಶುವಿಹಾರದಲ್ಲಿ ಟೀಚರ್. ಬೀದಿಯವರಂತೆ ಮನೆಯವರೂ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಮಾತಾಡುವ ಮೊಲ, ಮುನಿಸಿಕೊಂಡ ಕೊಡೆ, ಶೀತ ಹಿಡಿದ ಚಂದ್ರ ಎಂದು ಮಕ್ಕಳಿಗೆ ಕಥೆ ಕಟ್ಟಿ ಕಟ್ಟಿ ಮನೆಗೆ ಬಂದ ಮೇಲೂ ಅರ್ಧ ಅಲ್ಲೇ ಇರುತ್ತಿದ್ದಳು. ಟೀವಿಯಲ್ಲಿ ಸೋಪಿನ ಜಾಹೀರಾತು ಬಂದರೂ ಕಣ್ಣೊರೆಸಿಕೊಳ್ಳುವ ಹೆಂಗಸು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಅವನ ಮಟ್ಟಿಗೆ ಸದ್ದು ಎಂದರೆ ಎಲ್ಲೋ ಒಂದು ನಟ್ಟು ಸಡಿಲವಾಗಿದೆ ಎಂದರ್ಥ. ಒಬ್ಬಳೇ ಮಗಳು ಪುಟ್ಟಿ ಕಾಲೇಜಿನಲ್ಲಿ ಮನಃಶಾಸ್ತ್ರ ಓದುತ್ತಿದ್ದಳು.

ಇನ್ನು ಮಾವ. ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಕೆಲಸ ಮುಗಿದರೂ ತಪಾಸಣೆ ಮುಗಿದಿರಲಿಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ಡಾಕ್ಟರು ಔಷಧದ ಅಂಗಡಿಯವನ ಜೊತೆ ಶಾಮೀಲು, ಮಳೆ ಬರುತ್ತೆ ಅಂತ ರೇಡಿಯೊದಲ್ಲಿ ಹೇಳುವವರು ಕೊಡೆ ವ್ಯಾಪಾರಿಗಳ ಕಡೆಯವರು. ದೇವರ ಮಾತು ಬಂದರೆ "ನೋಡಿದೋರು ಯಾರು?" ಎಂದು ಒಂದೇ ಏಟಿಗೆ ಮುಗಿಸುತ್ತಿದ್ದರು. ಅವರ ಹೆಂಡತಿ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಆಕೆ ಮಲಗುತ್ತಿದ್ದ ಹಿಂದಿನ ಕೋಣೆಯಲ್ಲಿ ಮಂಚ, ಹಾಸಿಗೆ, ಒಂದು ಕುರ್ಚಿ ಹಾಗೇ ಇದ್ದವು. ಬಾಗಿಲು ಸದಾ ಮುಚ್ಚಿರುತ್ತಿತ್ತು.

ಒಂದು ಮಧ್ಯಾಹ್ನ ಕೆಲಸದಿಂದ ಬಂದ ಟೀಚರ್, ದೂಳು ಹೊಡೆಯೋಣವೆಂದು ಆ ಬಾಗಿಲು ತೆಗೆದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ಟೀ ಇತ್ತು. ಭರ್ತಿ. ಮೇಲೆ ಕೆನೆ ಕಟ್ಟಿ ತಣ್ಣಗಾಗಿತ್ತು. ಹಾಸಿಗೆಯ ತುದಿಯಲ್ಲಿ ಹೊದಿಕೆ ಸರಿಸಿ ಜಾಗ ಮಾಡಿದಂತಿತ್ತು. ಲೋಟ ತೊಳೆದಿಟ್ಟಳು.

ಊಟದ ಹೊತ್ತಿಗೆ ಬಾಯಿಬಿಟ್ಟಳು. "ಹಿಂದಿನ ಕೋಣೆಲಿ ಯಾರೋ ಓಡಾಡಿದ ಹಾಗಿದೆ ರೀ. ಟೀ ಇತ್ತು ಅಲ್ಲಿ."

"ಯಾರೋ ಅಂದ್ರೆ?" ಗಂಡ ಅನ್ನ ಕಲಸುತ್ತಲೇ ಕೇಳಿದ.

"ಗೊತ್ತಿಲ್ಲ. ಒಂಥರಾ ಅತ್ತೆ ಬಂದು ಕೂತು ಹೋದ ಹಾಗೆ..."

ಮಾವ ತಲೆ ಎತ್ತಿದರು. "ಬೆಳಗ್ಗೆ ಯಾರಿಗೆ ಬಾಗಿಲು ತೆಗೆದಿದ್ದೆ?"

"ಯಾರಿಗೂ ಇಲ್ಲ ಮಾವ."

"ಮತ್ತೆ ಟೀ ನಡ್ಕೊಂಡು ಬಂತಾ? ನೀನೇ ಇಟ್ಟು ಮರೆತಿರ್ತೀಯ. ಮೊನ್ನೆ ಬಾಚಣಿಗೆ ಫ್ರಿಜ್ಜಲ್ಲಿ ಇತ್ತಲ್ಲ, ಅದ್ಯಾರು, ನಿಮ್ಮತ್ತೆ ಇಟ್ಟಿದ್ದಾ?"

ಬಾಚಣಿಗೆ ಫ್ರಿಜ್ಜಿನಲ್ಲಿದ್ದದ್ದು ನಿಜವೇ. ಪುಟ್ಟಿ ಪಕ್ಕನೆ ನಕ್ಕಳು. ಗಂಡನೂ ನಕ್ಕ. ಟೀಚರ್ ಕೂಡ ನಕ್ಕು ಆಲೂಗಡ್ಡೆ ಪಲ್ಯ ಬಡಿಸಿದಳು. ಆವತ್ತಿಗೆ ಅದು ಅಲ್ಲಿಗೇ ನಿಂತಿತು.

ಆದರೆ ಪುಟ್ಟಿಗೆ ಒಳ್ಳೆಯ ಸರಕು ಸಿಕ್ಕಂತಾಗಿತ್ತು. ಎಂಥ ಸ್ವಭಾವದವರು ಇಂಥದ್ದನ್ನೆಲ್ಲ ನಂಬುತ್ತಾರೆ ಎಂಬ ಪಾಠ ಅದೇ ವಾರ ಕ್ಲಾಸಿನಲ್ಲಿ ನಡೆದಿತ್ತು. ಭಾನುವಾರ ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಒಬ್ಬೊಬ್ಬರನ್ನೇ ವಿಚಾರಿಸಿಕೊಂಡಳು.

"ಅಪ್ಪಾ, ಹಾಡು ಕೇಳ್ತಾ ಕೇಳ್ತಾ ಎಲ್ಲಿದ್ದೀನಿ ಅನ್ನೋದೇ ಮರೆತುಹೋಗುತ್ತಾ ನಿಂಗೆ?"

"ಲಿಫ್ಟ್ ಗುಂಡಿಯೊಳಗೆ ನಿಂತು ಮರೆತ್ರೆ ಅಲ್ಲೇ ಪಚಡಿ."

"ಅಮ್ಮಾ ನಿಂಗೆ?"

"ಯಾರಿಗೆ ಮರೆಯಲ್ಲ ಹೇಳು?"

"ಕನಸಲ್ಲಿ ಕಂಡಿದ್ದು ನಿಜ ಆಗಿದ್ದುಂಟಾ?"

"ಎಷ್ಟೋ ಸಲ. ನೀನು ಹುಟ್ಟೋ ಮುಂಚೆ..."

"ಸಾಕು ಸಾಕು. ತಾತಾ, ಜನ ನಿನ್ನ ಬೆನ್ನ ಹಿಂದೆ ಮಾತಾಡ್ಕೋತಾರೆ ಅನ್ಸುತ್ತಾ?"

"ಅನ್ಸೋದೇನು ಬಂತು? ಮಾತಾಡ್ಕೋತಾರೆ." ಮಾವ ಬ್ರೆಡ್ಡು ಕೆಳಗಿಟ್ಟರು. "ಈ ಪ್ರಶ್ನೆ ಎಲ್ಲ ಯಾರು ಹೇಳ್ಕೊಟ್ಟಿದ್ದು? ನಮ್ಮ ಉತ್ತರ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ ತಾತ."

"ಎಲ್ಲಿಗೂ ಹೋಗದೇ ಇರೋದನ್ನ ಯಾರಾದ್ರೂ ಕೇಳ್ತಾರಾ?"

ಕೊನೆಗೆ ಪುಟ್ಟಿ ತೀರ್ಪು ಕೊಟ್ಟಳು. ಕಲ್ಪನೆ ಜಾಸ್ತಿ ಇರುವವರು, ಮೈಮರೆಯುವವರು, ಸಣ್ಣದಕ್ಕೂ ಅಳುವವರು, ಇಂಥವರೇ ಹೆಚ್ಚು ನಂಬುತ್ತಾರಂತೆ. "ಅಮ್ಮ ಪೂರ್ತಿ ಪಾಸು. ಅಪ್ಪ, ತಾತ ಇಬ್ಬರೂ ಫೇಲು. ಈ ಮನೇಲಿ ದೆವ್ವದ ಪಾರ್ಟಿ ಅಂದ್ರೆ ಅಮ್ಮ ಒಬ್ಬಳೇ."

ತಮಾಷೆಗೆ ಅಂದ ಮಾತು. ಆದರೆ ಅದು ಟೀಚರಿಗೆ ಅಂಟಿಕೊಂಡಿತು. ಬೀಗದ ಕೈ ಕಾಣಿಸದಿದ್ದರೆ "ದೆವ್ವದ ಪಾರ್ಟಿಯವರನ್ನ ಕೇಳಿ." ಅನ್ನಕ್ಕೆ ಉಪ್ಪು ಎರಡು ಸಲ ಬಿದ್ದರೆ "ಒಂದು ಸಲ ಇವಳು, ಇನ್ನೊಂದು ಸಲ ಅವಳು." ಹಿಂದಿನ ಕೋಣೆಯಲ್ಲಿ ಟೀ ಲೋಟ ಮತ್ತೆ ಮತ್ತೆ ಕಂಡಿತು. ಅವಳು ಮತ್ತೆ ಹೇಳಲಿಲ್ಲ.

ಎರಡನೆಯ ವಾರ ಅದು ನಗುವ ವಿಷಯವಾಗಿ ಉಳಿಯಲಿಲ್ಲ. ಟೀಚರ್ ಕೆಲಸ ಮುಗಿಸಿ ಬೀದಿ ತಿರುಗುವಾಗಲೇ ಪಕ್ಕದ ಮನೆಯಾಕೆ ಗೇಟಿನಲ್ಲಿ ನಿಂತು ಕೈ ಬೀಸುತ್ತಿದ್ದಳು. ಅಡಿಗೆಮನೆ ಕಿಟಕಿಯಿಂದ ಹೊಗೆ. ಒಳಗೆ ಹೋದರೆ ಒಲೆಯ ಮೇಲೆ ಟೀ ಪಾತ್ರೆ ಕರ್ರಗೆ ಸುಟ್ಟು, ತಳ ಉಬ್ಬಿ, ಉರಿ ಇನ್ನೂ ಹೊತ್ತಿಕೊಂಡೇ ಇತ್ತು. ಗೋಡೆ ಮಸಿ ಹಿಡಿದಿತ್ತು. ಮಾವ ಹಿತ್ತಲ ಕಡೆಯಿಂದ ಬಂದರು. ಪಾತ್ರೆ ನೋಡಿದರು. ಆಮೇಲೆ ಅವಳ ಮುಖ ನೋಡಿದರು.

"ಬೆಳಗ್ಗೆ ಇಟ್ಟು ಹಾಗೇ ಹೋಗಿದ್ದೀಯ."

"ಇಲ್ಲ ಮಾವ, ನಾನು ಒಲೆ ಆರಿಸಿಯೇ ಹೋಗಿದ್ದು."

"ಆರಿಸಿದ್ರೆ ಹೊತ್ತಿಸಿದ್ದು ಯಾರು? ನಾನಾ?"

ನಾನಾ ಎನ್ನುವಾಗ ಅವರ ಧ್ವನಿ ಸ್ವಲ್ಪ ಹೆಚ್ಚೇ ಏರಿತ್ತು. ಅದು ಟೀಚರಿನ ಕಿವಿಗೆ ಬಿದ್ದಿತು, ಆದರೆ ಒಲೆ ಆರಿಸಿ ಕಿಟಕಿ ತೆರೆಯುವ ಗಡಿಬಿಡಿಯಲ್ಲಿ ಹೆಚ್ಚು ಯೋಚಿಸಲಿಲ್ಲ.

ಸಂಜೆ ಗಂಡ ಪಾತ್ರೆ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಮನೆ ಸುಟ್ಟುಹೋಗ್ತಿತ್ತು, ಗೊತ್ತಾ?"

"ಬೆಳಗ್ಗೆ ಇಟ್ಟ ಪಾತ್ರೆ ಮಧ್ಯಾಹ್ನದವರೆಗೆ ಉರಿದ್ರೆ ಕರಗಿ ನೀರಾಗ್ತಿತ್ತು ರೀ. ಯಾರೋ ಆಮೇಲೆ ಇಟ್ಟಿದ್ದಾರೆ."

"ಯಾರೋ! ಮತ್ತೆ ಅದೇ ಯಾರೋ! ಅಪ್ಪ ತಾನಾಗಿ ಟೀ ಮಾಡ್ಕೊಳ್ಳಲ್ಲ, ಅದು ನಿಂಗೂ ಗೊತ್ತು. ಮನೇಲಿ ಇನ್ನೊಬ್ಬರಿಲ್ಲ. ಸತ್ತೋರು ಬಂದು ಗ್ಯಾಸ್ ಹಚ್ಚಿದ್ರಾ?"

"ನಾನು ಹಾಗಂದಿಲ್ಲ."

"ಅನ್ನೋದೊಂದು ಬಾಕಿ. ತಲೆ ಎಲ್ಲೋ ಇಟ್ಕೊಂಡು ಓಡಾಡ್ತೀಯ. ಹೀಗಾದ್ರೆ ಆ ಕೆಲಸ ಬಿಟ್ಟು ಮನೇಲಿರು."

ಬಾಗಿಲ ಬಳಿ ಮಾವ ನಿಂತಿದ್ದರು. ಏನೂ ಹೇಳಲಿಲ್ಲ. ಪುಟ್ಟಿ ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಆವತ್ತಿನಿಂದ ಟೀಚರಿಗೆ ತನ್ನ ಮೇಲೇ ನಂಬಿಕೆ ತಪ್ಪಿತು. ಚಪ್ಪಲಿ ಮೆಟ್ಟಿಕೊಂಡ ಮೇಲೆ ವಾಪಸ್ಸು ಬಂದು ಒಲೆ ಮುಟ್ಟಿ ನೋಡುವಳು. ಗೇಟಿನಿಂದ ಮತ್ತೆ ಬರುವಳು. ಬಸ್ಸು ತಪ್ಪುತ್ತಿತ್ತು. ಶಿಶುವಿಹಾರದ ಹೆಡ್ ಮೇಡಂ, "ಏನಮ್ಮ, ಮಕ್ಕಳು ಬಂದು ಕೂತಿರ್ತಾವೆ, ನೀವೇ ಲೇಟು" ಎಂದರು. ಕಥೆ ಹೇಳುವಾಗ ನಡುವೆ ನಿಂತುಬಿಡುತ್ತಿದ್ದಳು. ಮುಂದಿನ ಸಾಲಿನ ಒಂದು ಮಗು "ಟೀಚರ್, ಮೊಲಕ್ಕೆ ಗಂಟಲು ನೋವಾ?" ಎಂದು ಕೇಳಿತು. ಮನೆಗೆ ಬಂದರೆ ಮಾವ ಅವಳ ಬ್ಯಾಗಿನತ್ತ, ಕೈಯತ್ತ ನೋಡುವರು, ಟಿಕೆಟ್ ಕೇಳುವವರ ಹಾಗೆ. ಅವಳೂ ಅವರನ್ನು ಕದ್ದು ನೋಡತೊಡಗಿದಳು. ಆ "ನಾನಾ" ಎಂಬ ಮಾತು ಈಗ ನೆನಪಿಗೆ ಬರುತ್ತಿತ್ತು.

ವಿಷಯ ಬಯಲಾದದ್ದು ಪುಟ್ಟಿಯಿಂದ. ಒಂದು ದಿನ ಮೇಷ್ಟ್ರು ರಜೆ ಹಾಕಿದ್ದರಿಂದ ಅವಳು ಮಧ್ಯಾಹ್ನಕ್ಕೆ ಮುಂಚೆಯೇ ಮನೆಗೆ ಬಂದಳು. ತಾತ ಮಲಗಿರಬಹುದೆಂದು ಸದ್ದಿಲ್ಲದೆ ತನ್ನ ಕೀಲಿಯಿಂದ ಬಾಗಿಲು ತೆಗೆದಳು. ಹಿಂದಿನ ಕೋಣೆಯಿಂದ ಮಾತು ಕೇಳಿಸಿತು. ತಾತನ ಧ್ವನಿ. ಫೋನಿನಲ್ಲಿರಬೇಕು ಅಂದುಕೊಂಡಳು. ಆದರೆ ಫೋನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿತ್ತು.

"ಸುತ್ತಿ ಬಳಸಿ ಮಾತಾಡ್ಬೇಡ," ಎನ್ನುತ್ತಿದ್ದರು ತಾತ. "ಗುರುವಾರ ಗುರುವಾರ ನೀನು ಮನೆ ಬಿಟ್ಟು ಹೋಗ್ತಿದ್ದೆ. ತರಕಾರಿಗೆ ಅಂತಿದ್ದೆ. ಬರೋವಾಗ ಚೀಲದಲ್ಲಿ ಎರಡು ಈರುಳ್ಳಿ. ಎರಡು ಈರುಳ್ಳಿ ತರೋಕೆ ಸಂಜೆವರೆಗೆ ಬೇಕಾ?"

ಮೌನ. ಯಾರೋ ಉತ್ತರ ಕೊಡುತ್ತಿದ್ದಾರೆ, ಇವರು ಕೇಳಿಸಿಕೊಳ್ಳುತ್ತಿದ್ದಾರೆ ಎಂಬಷ್ಟು ಹೊತ್ತು ಮೌನ.

"ಅದನ್ನೇ ಎಷ್ಟು ಸಲ ಹೇಳ್ತೀಯ? ಬದುಕಿದ್ದಾಗಲೂ ಅದೇ, ಈಗಲೂ ಅದೇ. ಏನೋ ಹೇಳ್ಬೇಕು ಅಂತ ತಾನೆ ನೀನು ಬರ್ತಿರೋದು? ಸುಮ್ನೆ ಯಾರಾದ್ರೂ ವಾಪಸ್ ಬರ್ತಾರಾ?" ಮತ್ತೆ ಮೌನ. ಆಮೇಲೆ ಮೆತ್ತಗೆ, "ಸರಿ, ಟೀ ಕುಡಿ. ಆರಿಹೋಗುತ್ತೆ."

ಪುಟ್ಟಿ ಬಂದ ಹಾಗೇ ಹೊರಗೆ ಹೋಗಿ, ಅಮ್ಮ ಬರುವವರೆಗೂ ಬಸ್‌ಸ್ಟಾಪಿನಲ್ಲಿ ಕೂತಳು.

ಸಂಜೆ ಅಡಿಗೆಮನೆಯಲ್ಲಿ ಮೂವರೂ ದನಿ ತಗ್ಗಿಸಿ ನಿಂತರು. ಲಿಫ್ಟ್ ಮೆಕ್ಯಾನಿಕ್ ಸುತರಾಂ ಒಪ್ಪಲಿಲ್ಲ. "ಅಪ್ಪನಾ? ದೇವರನ್ನೇ ನಂಬದ ಮನುಷ್ಯ ದೆವ್ವದ ಜೊತೆ ಟೀ ಕುಡೀತಾರಾ? ನಿಮ್ಮಮ್ಮನ ಗಾಳಿ ನಿಂಗೂ ಬಡೀತಾ?"

"ಅಪ್ಪಾ, ನಾನೇ ಕಿವಿಯಾರೆ ಕೇಳಿದ್ದು. ಆ ಪಾಠದಲ್ಲಿ ಇನ್ನೊಂದು ಭಾಗ ಇತ್ತು, ನಾನು ಆವತ್ತು ತೂಕಡಿಸ್ತಿದ್ದೆ. ಇವತ್ತು ಗೆಳತಿ ಹತ್ರ ಕೇಳ್ದೆ. ಬರೀ ಕಲ್ಪನೆಯೋರು ಅಷ್ಟೇ ಅಲ್ವಂತೆ. ಯಾರ ಮೇಲೂ ನಂಬಿಕೆ ಇಲ್ದೋರಲ್ಲೂ ಇದು ಇರಬಹುದಂತೆ. ಯಾವುದೂ ಅವರಿಗೆ ಸುಮ್ಸುಮ್ನೆ ಆಗಲ್ಲ, ಎಲ್ಲದರ ಹಿಂದೆ ಯಾರೋ ಇದ್ದೇ ಇರ್ತಾರೆ ಅನ್ಸುತ್ತಂತೆ."

"ಪಾಠ ಬಿಡು. ನಾನೇ ನೋಡ್ತೀನಿ."

ಮರುದಿನ ಅವನು ಅರ್ಧ ದಿನ ರಜೆ ಹಾಕಿ ಹಿತ್ತಲ ಕಿಟಕಿಯ ಮರೆಯಲ್ಲಿ ನಿಂತ. ಕೇಳಿಸಿಕೊಂಡ. ಅಪ್ಪ ಒಲೆ ಹಚ್ಚಿದ್ದು, ಟೀ ಸೋಸಿದ್ದು, ಎರಡು ಲೋಟ ಹಿಡಿದು ಒಳಗೆ ಹೋಗಿದ್ದು, ಬಾಗಿಲು ಹಾಕಿಕೊಂಡಿದ್ದು ಎಲ್ಲ ನೋಡಿದ. ಹೆಂಡತಿ ಕೆಲಸದಿಂದ ಬರುವ ಹೊತ್ತಿಗೆ ಅಡಿಗೆಮನೆಯ ಮಸಿ ಗೋಡೆಯನ್ನು ಸೋಪು ಹಾಕಿ ಉಜ್ಜುತ್ತಿದ್ದ.

"ಇದೇನು ಹೊಸದು?" ಎಂದಳು ಟೀಚರ್.

"ಆ ಪಾತ್ರೆ ನೀನು ಇಟ್ಟಿದ್ದಲ್ಲ," ಎಂದ ಅವನು, ಗೋಡೆಯ ಕಡೆಗೇ ಮುಖ ಮಾಡಿ. "ಕೆಲಸ ಬಿಡು ಅಂದಿದ್ದೆನಲ್ಲ, ಬಿಡಬೇಡ."

ಅವಳು ಅಲ್ಲೇ ಕುರ್ಚಿ ಎಳೆದುಕೊಂಡು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಸೋಪಿನ ಜಾಹೀರಾತಿಗೆ ಅಳುವಂಥ ಅಳು ಅಲ್ಲ ಅದು. ಅವನು ಒದ್ದೆ ಬಟ್ಟೆ ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತ.

ಮಾವನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದು ರಕ್ತದೊತ್ತಡದ ನೆಪದಲ್ಲಿ. ಡಾಕ್ಟರು ಕೇಳಿದ್ದಕ್ಕೆಲ್ಲ ಅವರು ಪಟಪಟನೆ ಉತ್ತರ ಕೊಟ್ಟರು. ತಾರೀಖು, ತಿಂಗಳು, ಹಿಂದಿನಿಂದ ಮುಂದಕ್ಕೆ ಎಣಿಕೆ, ಒಂದೂ ತಪ್ಪಲಿಲ್ಲ. "ನೆನಪಿನ ಶಕ್ತಿ ನನಗಿಂತ ಚೆನ್ನಾಗಿದೆ," ಎಂದು ಡಾಕ್ಟರು ಮಗನನ್ನು ಪಕ್ಕಕ್ಕೆ ಕರೆದು ಹೇಳಿದರು. "ಜೊತೆಯವರು ಹೋದ ಮೇಲೆ ಕೆಲವರಿಗೆ ಅವರ ಧ್ವನಿ ಕೇಳಿಸುತ್ತೆ. ಅದರಿಂದ ತೊಂದರೆ ಆಗದ ಹಾಗೆ ನೋಡ್ಕೊಳ್ಳಿ. ಒಲೆಯ ಮೇಲೆ ಕಣ್ಣಿಡಿ." ಮನೆಗೆ ಬರುವಾಗ ಮಾವ, "ಅವನು ನಿನ್ನ ಹತ್ರ ಏನು ಪಿಸುಗುಟ್ಟಿದ? ಇವರೆಲ್ಲ ಒಂದೇ ಗುಂಪು," ಎಂದರು.

ಆ ರಾತ್ರಿ ಊಟವಾಗಿ ಮಾವ ಮಲಗಿದ ಮೇಲೆ ಟೀಚರ್ ತಟ್ಟೆ ಒರೆಸುತ್ತ ಮೆಲ್ಲಗೆ ಹೇಳಿದಳು. "ಅತ್ತೆ ಗುರುವಾರ ಎಲ್ಲಿಗೆ ಹೋಗ್ತಿದ್ರು ಅಂತ ನಂಗೊತ್ತು."

ಗಂಡ, ಮಗಳು ಇಬ್ಬರೂ ಅವಳ ಕಡೆ ತಿರುಗಿದರು.

"ನಿಮ್ಮ ಚಿಕ್ಕಮ್ಮನ ಅಂಗಡಿಗೆ."

ಚಿಕ್ಕಮ್ಮ ಎಂದರೆ ಅತ್ತೆಯ ತಂಗಿ. ಊರಿನ ಆ ಬದಿಯಲ್ಲಿ ಬಟ್ಟೆಗಳನ್ನು ಬಿಗಿ, ಸಡಿಲ ಮಾಡಿಕೊಡುವ ಪುಟ್ಟ ಅಂಗಡಿ ಇಟ್ಟುಕೊಂಡು ಒಬ್ಬಳೇ ಇದ್ದವಳು. ಬಹಳ ವರ್ಷಗಳ ಹಿಂದೆ ಬಸ್ಸಿನಲ್ಲಿ ಅವಳ ಪಾಸಿನ ಅವಧಿ ಮುಗಿದಿತ್ತು. ತಪಾಸಣೆಗೆ ಹತ್ತಿದವರು ಸ್ವಂತ ಭಾವ. ಗುರುತು ಇಲ್ಲದವರ ಹಾಗೆ ದಂಡ ಹಾಕಿ, ತುಂಬಿದ ಬಸ್ಸಿನ ಎದುರಿಗೆ ಕೆಳಗಿಳಿಸಿದ್ದರು. ನಿಮ್ಮ ಹೊಸ್ತಿಲು ತುಳಿಯಲ್ಲ ಎಂದು ಅವಳು, ತುಳಿಯದಿದ್ದರೆ ಒಳ್ಳೆಯದೇ ಎಂದು ಇವರು. ಅಕ್ಕತಂಗಿಯರ ಓಡಾಟ ಅಲ್ಲಿಗೆ ನಿಂತಿತು ಎಂದೇ ಎಲ್ಲರೂ ತಿಳಿದಿದ್ದರು.

"ಒಂದ್ಸಲ ಜಿಪ್ ಹಾಕಿಸೋಕೆ ಅಂತ ಆ ಅಂಗಡಿಗೆ ಹೋದ್ರೆ ಅತ್ತೆ ಅಲ್ಲಿ ಕೂತು ಗುಂಡಿ ಹೊಲೀತಿದ್ರು. ಮನೇಲಿ ಹೇಳ್ಬೇಡ ಅಂದ್ರು, ಅಷ್ಟೇ. ನಾನು ಹೇಳಲಿಲ್ಲ. ಅತ್ತೆ ತೀರಿಕೊಂಡ ದಿನ ಚಿಕ್ಕಮ್ಮ ಬಂದು ರಸ್ತೆ ಆಚೆ ನಿಂತಿದ್ರು, ಒಳಗೆ ಬರಲಿಲ್ಲ."

"ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೀಯಲ್ಲ!" ಎಂದ ಗಂಡ. "ನಾಳೆನೇ ಅಪ್ಪಂಗೆ ಹೇಳು."

"ನಾನು ಹೇಳಿದ್ರೆ ನಂಬ್ತಾರಾ? ನೀವು ನಂಬಿದ್ರಾ ನನ್ನ ಮಾತನ್ನ?"

ಪುಟ್ಟಿ, "ಚಿಕ್ಕಜ್ಜಿನೇ ಬಂದು ಹೇಳ್ಲಿ ಹಾಗಾದ್ರೆ," ಎಂದಳು.

ಚಿಕ್ಕಮ್ಮನನ್ನು ಒಪ್ಪಿಸಲು ಟೀಚರ್ ಆ ಅಂಗಡಿಗೆ ಹಲವು ಸಲ ಅಲೆಯಬೇಕಾಯಿತು. ಮೊದಲ ಸಲ ಆಕೆ ಹೊಲಿಗೆ ಯಂತ್ರ ನಿಲ್ಲಿಸಲೇ ಇಲ್ಲ. ಎರಡನೆಯ ಸಲ, "ನಿಮ್ಮ ಮಾವ ಕಳಿಸಿದ್ರಾ, ಏನು ಹುನ್ನಾರ?" ಎಂದಳು. ಅಕ್ಕನನ್ನು ಭಾವ ಮಧ್ಯಾಹ್ನದ ಹೊತ್ತು ಕೂರಿಸಿಕೊಂಡು ವಿಚಾರಣೆ ಮಾಡುತ್ತಿದ್ದಾರೆ ಎಂದು ಕೇಳಿದಾಗ ಮಾತ್ರ ಯಂತ್ರ ನಿಂತಿತು. "ಸತ್ತ ಮೇಲೂ ಬಿಡ್ಲಿಲ್ವಾ ಆ ಮನುಷ್ಯ?" ಎಂದು ಕತ್ತರಿ ಕೆಳಗಿಟ್ಟಳು. "ಬರ್ತೀನಿ. ಅವಳಿಗೋಸ್ಕರ."

ಭಾನುವಾರ ಮಧ್ಯಾಹ್ನ ಆಕೆ ಬಂದಳು. ಮಂಡಿ ಹಿಡಿದುಕೊಂಡು, ಕಂಬಿಗೆ ಆತು, ಒಂದೊಂದೇ ಮೆಟ್ಟಿಲು ಹತ್ತಿ. ಹಾಲ್‌ನಲ್ಲಿ ಕುಳಿತಿದ್ದ ಮಾವ ತೆರೆದ ಬಾಗಿಲಿನಿಂದ ಪೂರಾ ನೋಡಿದರು, ಏಳಲಿಲ್ಲ.

"ಯಾರು ಕರೆದಿದ್ದು ಇವಳನ್ನ?"

"ನಾನು ಮಾವ," ಎಂದಳು ಟೀಚರ್. "ಊಟಕ್ಕೆ ಬನ್ನಿ."

ಊಟದ ಮೇಜಿನ ಮೇಲೆ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಯಾರೂ ಯಾರ ಮುಖವನ್ನೂ ನೋಡದೆ ಬಡಿಸಿಕೊಂಡರು. ನಾದಿನಿಯೇ ಮಾತು ಶುರು ಮಾಡಿದಳು.

"ನೋಡಿ ಭಾವ, ಹೊಗಳೋಕೆ ಬಂದಿಲ್ಲ ನಾನು. ನಮ್ಮಕ್ಕ ಗುರುವಾರ ನನ್ನ ಅಂಗಡಿಗೆ ಬರ್ತಿದ್ದಳು. ನಾನು ಹೊಲೀತಿದ್ದೆ, ಅವಳು ಗುಂಡಿ ಹಾಕ್ತಿದ್ದಳು. ಎರಡು ಮಾತಾಡ್ತಿದ್ವಿ. ವಾಪಸ್ ಬರ್ತಿದ್ದಳು. ಇಷ್ಟೇ."

"ಇಷ್ಟೇ ಆಗಿದ್ರೆ ನಂಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕಳಿಸ್ತಿದ್ರಾ?"

ಮಾವ ಮೊಟ್ಟೆಯನ್ನು ಎರಡು ಹೋಳು ಮಾಡಿದರು. "ನೋಡಿದೋರು ಯಾರು?"

"ನಾನು ನೋಡಿದ್ದೀನಿ ಮಾವ," ಎಂದಳು ಟೀಚರ್.

"ನೀನು! ನಿನಗೆ ಏನೇನೋ ಕಾಣ್ಸುತ್ತೆ." ಅವರ ಕಣ್ಣು ಕಿರಿದಾಯಿತು. ಸೊಸೆಯಿಂದ ನಾದಿನಿಗೆ, ನಾದಿನಿಯಿಂದ ಮಗನಿಗೆ ತಿರುಗಿತು. "ಎಲ್ಲರೂ ಕೂತು ಮಾತಾಡ್ಕೊಂಡು ಬಂದಿದ್ದೀರಿ. ಇವಳು ಹೇಳ್ಕೊಟ್ಟಿದ್ದಾಳೆ, ಅವಳು ಒಪ್ಪಿಸ್ತಿದ್ದಾಳೆ."

"ಅಪ್ಪಾ, ಸಾಕು ಮಾಡಿ," ಎಂದ ಮಗ. "ಬದುಕಿರೋರು ನಾಲ್ಕು ಜನ ಎದುರಿಗೆ ಕೂತು ಹೇಳ್ತಿದ್ದೀವಿ."

"ಬದುಕಿರೋರ ಕಥೆ ನಂಗೆ ಗೊತ್ತು. ಮೂವತ್ತು ವರ್ಷ ಬಸ್ಸಲ್ಲಿ ನೋಡಿದ್ದೀನಿ." ಅವರು ತಟ್ಟೆ ಸರಿಸಿ ಎದ್ದರು. "ಅವಳೇ ಹೇಳ್ಲಿ."

ಇಷ್ಟು ದಿನ ಮುಚ್ಚಿಟ್ಟದ್ದನ್ನು ಎಲ್ಲರ ಎದುರಿಗೇ ಆಡಿಬಿಟ್ಟಿದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ. ನೇರ ಹಿಂದಿನ ಕೋಣೆಗೆ ಹೋದರು. ಈ ಸಲ ಬಾಗಿಲು ಹಾಕಿಕೊಳ್ಳಲಿಲ್ಲ. ಮಂಚದ ಎದುರು ಕುರ್ಚಿ ಎಳೆದ ಸದ್ದು ಬಂತು.

"ನಿನ್ನ ತಂಗಿ ಬಂದಿದ್ದಾಳೆ," ಎಂಬ ಮಾತು ಮೇಜಿನವರೆಗೆ ಕೇಳಿಸಿತು. "ನೀನು ಅವಳ ಅಂಗಡಿಗೆ ಹೋಗ್ತಿದ್ದೆ ಅಂತಾಳೆ. ಗುಂಡಿ ಹೊಲೀತಿದ್ದೆ ಅಂತಾಳೆ. ನಿಜಾನಾ?"

ಮೇಜಿನ ಸುತ್ತ ಕುಳಿತವರು ಊಟ ನಿಲ್ಲಿಸಿದರು. ಲಿಫ್ಟ್ ಮೆಕ್ಯಾನಿಕ್ ಕೂಡ ಕಿವಿಗೊಟ್ಟು ಕೇಳುತ್ತಿದ್ದ. ಕೇಳುತ್ತಿದ್ದೇನೆಂದು ಅರಿವಾಗಿ ತಟ್ಟೆ ನೋಡಿಕೊಂಡ. ಒಳಗಿನಿಂದ ಏನೂ ಬರಲಿಲ್ಲ. ಬೇಳೆಯ ಮೇಲೆ ಪದರ ಕಟ್ಟುವಷ್ಟು ಹೊತ್ತಾಯಿತು.

ಮಾವ ಹೊರಗೆ ಬಂದು ತಮ್ಮ ಜಾಗದಲ್ಲಿ ಕುಳಿತರು. ತಟ್ಟೆ ಹತ್ತಿರ ಎಳೆದುಕೊಂಡರು.

"ಹೌದಂತೆ," ಎಂದರು.

ಟೀಚರ್ ಅವರ ಮುಖವನ್ನೇ ನೋಡಿದಳು. ಒಳಗೆ ನಿಜವಾಗಿ ಏನಾದರೂ ಕೇಳಿಸಿತೋ, ಇಲ್ಲ ಬದುಕಿರುವವರ ಮಾತು ಒಪ್ಪಿಕೊಳ್ಳಲು ಈ ಮನುಷ್ಯನಿಗೆ ಬೇರೆ ದಾರಿ ಕಾಣಲಿಲ್ಲವೋ? ಆ ಮುಖದಲ್ಲಿ ಏನೂ ಸಿಗಲಿಲ್ಲ. ಕೇಳಬೇಕೆನಿಸಿದರೂ ಕೇಳಲಿಲ್ಲ, ಅವರ ತಟ್ಟೆಗೆ ಬಿಸಿ ಅನ್ನ ಬಡಿಸಿದಳು.

"ಇನ್ನೇನಂದಳು?" ಇಷ್ಟು ಹೊತ್ತು ಸೆಟೆದು ಕುಳಿತಿದ್ದ ನಾದಿನಿ ಕೇಳಿದಳು. "ನನ್ನ ವಿಷಯ ಏನೂ ಕೇಳಲಿಲ್ವಾ ಭಾವ?"

ಮಾವ ತುತ್ತು ಎತ್ತಿದವರು ನಿಲ್ಲಿಸಿದರು. ಅವಳ ಮುಖ ನೋಡಿದರು, ಮೇಜಿನ ಕೆಳಗೆ ಚಾಚಿಕೊಂಡಿದ್ದ ಅವಳ ಕಾಲು ನೋಡಿದರು.

"ಕೇಳಿದಳು. ಮಂಡಿ ನೋವು ಹೇಗಿದೆ ಅಂತ."

ಪುಟ್ಟಿ ಚಟ್ಟನೆ ಅಮ್ಮನ ಕಡೆ ನೋಡಿದಳು. ಟೀಚರ್ ಕಣ್ಣಲ್ಲೇ ಸುಮ್ಮನಿರು ಎಂದಳು.

"ಮೊದಲಿಗಿಂತ ವಾಸಿ ಅಂತ ಹೇಳಿ," ಎಂದಳು ನಾದಿನಿ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ. "ಮೆಟ್ಟಿಲು ಹತ್ತೋವಾಗ ಮಾತ್ರ ಹಿಡಿಯುತ್ತೆ. ಚಿಂತೆ ಮಾಡ್ಬೇಡ ಅಂತ ಹೇಳಿ."

ಮಾವ ಎಡಗೈಯಿಂದ ಹಿಂದಿನ ಕೋಣೆಯ ಕಡೆ ತೋರಿಸಿದರು.

"ನೀನೇ ಹೇಳು. ಬಾಗಿಲು ತೆಗೆದೇ ಇದೆ."